ಎಕ್ಸಿವ್2 ಬಿಲ್ಡ್ ಆಯಿತು, ಇನ್‌ಸ್ಟಾಲೂ ಆಯಿತು. ನನ್ನ ಪ್ರೋಗ್ರಾಂ ಮಾತ್ರ ಏಳುತ್ತಿಲ್ಲ

ಹಳೇಆಲ್ಬಮ್

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದರ ಬೆನ್ನು ಹತ್ತಿದ್ದೇನೆ. ಇನ್ನು ನನ್ನೊಬ್ಬಳಿಂದ ಆಗಲ್ಲ ಅನ್ನಿಸಿ ಇಲ್ಲಿ ಕೇಳುತ್ತಿದ್ದೇನೆ.

ಮನೆಯ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿದ್ದೇನೆ. ಮೂರು ಸಾವಿರಕ್ಕೂ ಜಾಸ್ತಿ ಇವೆ. ಸುಮಾರು ಫೋಟೋಗಳ ಹಿಂಬದಿಯಲ್ಲಿ ಅಜ್ಜಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ: ಯಾರು, ಯಾವ ವರ್ಷ, ಯಾರ ಪಕ್ಕ ಯಾರು ನಿಂತಿದ್ದಾರೆ ಅಂತ. ಆ ಬರಹವನ್ನು ಕನ್ನಡದಲ್ಲೇ ಆಯಾ ಜೆಪೆಗ್ ಫೈಲಿನ ಒಳಗೆ ಸೇರಿಸಬೇಕು. ಬೇರೆ ಪಟ್ಟಿಯಲ್ಲಿ ಬರೆದಿಟ್ಟರೆ ಫೋಟೋ ಒಂದು ಕಡೆ, ಹೆಸರು ಒಂದು ಕಡೆ ಆಗಿಬಿಡುತ್ತದೆ. ಆಮೇಲೆ ಜೋಡಿಸಿ ಹೇಳುವವರು ಯಾರೂ ಇರುವುದಿಲ್ಲ.

ಅದಕ್ಕೇ ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಮೆಟಾಡೇಟಾ, ಅಂದರೆ ಫೋಟೋ ಫೈಲಿನ ಒಳಗಿನ ವಿವರ, ಬರೆಯಲು ಎಕ್ಸಿವ್2 ಲೈಬ್ರರಿ. ನನ್ನದು ಡೆಬಿಯನ್ 12 ಲಿನಕ್ಸ್. ಅದರಲ್ಲಿ ಬರುವುದು 0.27.6. ನಾನು ಓದಿಕೊಂಡದ್ದು 0.28ರ ದಾಖಲೆ, ಕೋಡ್ ಬರೆದದ್ದೂ ಅದಕ್ಕೇ. ಹಾಗಾಗಿ 0.28.5ರ ಮೂಲ ಕೋಡ್ ಇಳಿಸಿಕೊಂಡು ನಾನೇ ಬಿಲ್ಡ್ ಮಾಡಿದೆ. ಕೊನೆಗೆ ಎರರ್ ಇಲ್ಲದೆ ಮುಗಿಯಿತು. ಸುಡೋ (ನಿರ್ವಾಹಕರ ಅಧಿಕಾರ) ಹಾಕಿ ಇನ್‌ಸ್ಟಾಲ್ ಮಾಡಿದೆ.

ಆಮೇಲೆ ನನ್ನ ಪ್ರೋಗ್ರಾಂ ಕಂಪೈಲ್ ಮಾಡಿದರೆ ಕಂಪೈಲ್ ಆಗುತ್ತದೆ, ಲಿಂಕ್ ಆಗುವ, ಅಂದರೆ ಲೈಬ್ರರಿಯ ಜೊತೆ ಜೋಡಿಸುವ ಹೊತ್ತಿಗೆ 'ಅನ್‌ಡಿಫೈನ್ಡ್ ರೆಫರೆನ್ಸ್' ಅಂತ ಸಾಲು ಸಾಲು ಬರುತ್ತವೆ. ಎಲ್ಲ ಸಾಲಿನಲ್ಲೂ ಎಕ್ಸಿವ್2ದೇ ಹೆಸರು. ಹುಡುಕಿ ನೋಡಿ, ದೊಡ್ಡ ಎಲ್ ಆಯ್ಕೆ ಕೊಟ್ಟು ಯುಎಸ್‌ಆರ್ ಲೋಕಲ್ ಲಿಬ್ ಫೋಲ್ಡರ್ ತೋರಿಸಿದೆ. ಲಿಂಕ್ ಆಯಿತು. ಓಡಿಸಿದರೆ 'ಲಿಬ್‌ಎಕ್ಸಿವ್2 ಡಾಟ್ ಎಸ್‌ಒ ಡಾಟ್ 28 ತೆರೆಯಲು ಆಗುತ್ತಿಲ್ಲ, ಅಂಥ ಫೈಲ್ ಇಲ್ಲ' ಅಂತ ನಿಂತಿತು.

ಒಬ್ಬರು ಒಂದು ಉಪಾಯ ಹೇಳಿಕೊಟ್ಟರು. ಸಿಸ್ಟಮ್ಮಿನ 27ರ ಫೈಲಿಗೆ 28 ಅನ್ನುವ ಹೆಸರಿನಲ್ಲಿ ಒಂದು ಸಿಂಬಾಲಿಕ್ ಲಿಂಕ್ (ಅದೇ ಫೈಲಿಗೆ ಬೇರೆ ಹೆಸರಿನ ಕೊಂಡಿ) ಹಾಕಿ, ಸರಿ ಹೋಗುತ್ತದೆ ಅಂದರು. ಹಾಕಿದೆ. ಈಗ 'ಫೈಲ್ ಇಲ್ಲ' ಅನ್ನುವುದು ಹೋಗಿ 'ಸಿಂಬಲ್ ಲುಕಪ್ ಎರರ್' ಬರುತ್ತಿದೆ. ನಾನು ಎಲ್ಲಿ ಎಡವಿದ್ದೇನೆ?

ಕಟ್ಟೋಣಬನ್ನಿ

ಮೊದಲು ಆ ಲಿಂಕ್ ತೆಗೆಯಿರಿ. ಉಳಿದದ್ದು ಆಮೇಲೆ ಮಾತಾಡೋಣ.

ಪ್ಯಾಕೇಜ್‌ಪಾಲಕ

ಹೌದು, ಅದನ್ನು ಈಗಲೇ ತೆಗೆಯಿರಿ ಮೇಡಂ. 27, 28 ಅನ್ನುವುದು ಸುಮ್ನೆ ಹಾಕಿದ ಅಂಕಿ ಅಲ್ಲ. ಅದು ಲೈಬ್ರರಿ ಕೊಡುವ ಮಾತು. '27ಕ್ಕೆ ಅಂತ ಕಟ್ಟಿದ ಪ್ರೋಗ್ರಾಂ 27ರ ಜೊತೆ ನಡೆಯುತ್ತದೆ' ಅಂತ. 0.28ರಲ್ಲಿ ಒಳಗಿನ ರಚನೆಯೇ ಬದಲಾಗಿದೆ. ಅದಕ್ಕೇ ನಂಬರ್ ಬದಲಾಯಿಸಿದ್ದಾರೆ. ನೀವು ಹೆಸರು ಬದಲಿಸಿ ಕೊಟ್ಟಾಗ ಪ್ರೋಗ್ರಾಂ ಓಡುವಾಗ ಲೈಬ್ರರಿ ತರುವ ಲೋಡರ್ ನಿಮ್ಮ ಮಾತು ನಂಬಿತು. ಒಳಗೆ ಹೋಗಿ ನೋಡಿದರೆ ಬೇಕಾದ ಫಂಕ್ಷನ್ ಇಲ್ಲ.

ನಿಮ್ಮ ಅದೃಷ್ಟ, ಎರರ್ ಆದರೂ ಬಂತು. ಹೆಸರು ಸಿಕ್ಕಿ ಒಳಗಿನ ಲೆಕ್ಕ ತಪ್ಪಿದ್ದರೆ ಏನೂ ಹೇಳದೆ ಫೈಲಿಗೆ ತಪ್ಪು ಬರೆಯುವ ಸಾಧ್ಯತೆಯೂ ಇತ್ತು. ಒಂದೇ ಪ್ರತಿ ಇರುವ ಫೋಟೋಗಳ ಮೇಲೆ ಆ ಪ್ರಯೋಗ ಬೇಡ.

ಹಳೇಆಲ್ಬಮ್

ತೆಗೆದೆ. ಸ್ಕ್ಯಾನ್‌ಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿದೆ. ಪ್ರಯೋಗವೆಲ್ಲ ಹತ್ತು ಫೈಲ್ ಇರುವ ಒಂದು ಫೋಲ್ಡರಿನಲ್ಲಿ ಮಾತ್ರ.

ಕಟ್ಟೋಣಬನ್ನಿ

ಒಳ್ಳೇ ಕೆಲಸ ಮಾಡಿದ್ದೀರಿ. ಈಗ ನಿಮ್ಮ ಕಥೆಯನ್ನು ಮೊದಲಿನಿಂದ ಬಿಡಿಸುತ್ತೇನೆ. ಇದರಲ್ಲಿ ಒಂದಲ್ಲ, ಎರಡು ತೊಂದರೆ ಒಂದರ ಮೇಲೊಂದು ಕೂತಿವೆ.

ಒಂದು ಲೈಬ್ರರಿಯನ್ನು ಮೂರು ಜನ ಮೂರು ಹೊತ್ತಿನಲ್ಲಿ ಹುಡುಕುತ್ತಾರೆ. ಕಂಪೈಲರ್ ಹೆಡರ್ ಫೈಲ್ (ಲೈಬ್ರರಿಯಲ್ಲಿ ಏನೇನಿದೆ ಅನ್ನುವ ಪಟ್ಟಿ) ಹುಡುಕುತ್ತದೆ. ಲಿಂಕರ್ ಎಸ್‌ಒ ಫೈಲ್, ಅಂದರೆ ಲೈಬ್ರರಿಯನ್ನೇ ಹುಡುಕುತ್ತದೆ. ಪ್ರೋಗ್ರಾಂ ಓಡುವಾಗ ಲೋಡರ್ ಮತ್ತೆ ಅದೇ ಎಸ್‌ಒ ಫೈಲ್ ಹುಡುಕುತ್ತದೆ. ಮೂವರೂ ಬೇರೆ ಬೇರೆ ಪಟ್ಟಿ ಇಟ್ಟುಕೊಂಡಿದ್ದಾರೆ. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

ನಿಮ್ಮ ಯಂತ್ರದಲ್ಲಿ 0.27ರ ಡೆವ್ ಪ್ಯಾಕೇಜೂ (ಕಂಪೈಲ್ ಮಾಡಲು ಬೇಕಾದ ಫೈಲುಗಳು) ಇದೆ ಅಂದುಕೊಳ್ಳುತ್ತೇನೆ. ಕಂಪೈಲರ್ ಯುಎಸ್‌ಆರ್ ಲೋಕಲ್ ಇನ್‌ಕ್ಲೂಡ್ ಅನ್ನು ಮೊದಲು ನೋಡುತ್ತದೆ. ಹಾಗಾಗಿ ಅದಕ್ಕೆ ನೀವು ಹಾಕಿದ 0.28ರ ಹೆಡರ್ ಸಿಕ್ಕಿತು. ಆದರೆ ಡೆಬಿಯನ್‌ನಲ್ಲಿ ಲಿಂಕರ್‌ಗೆ ಸಿಸ್ಟಮ್ಮಿನ ಎಕ್ಸ್86-64 ಫೋಲ್ಡರ್ ಮೊದಲು ಸಿಗುತ್ತದೆ, ಯುಎಸ್‌ಆರ್ ಲೋಕಲ್ ಲಿಬ್ ಆಮೇಲೆ. ಅಲ್ಲಿ ಸಿಕ್ಕಿದ್ದು 0.27. ಅಂದರೆ ಹೆಡರ್ ಹೊಸದು, ಲೈಬ್ರರಿ ಹಳೇದು. ಮೊದಲ ಎರರ್ ಬಂದದ್ದು ಇದರಿಂದ.

ದೊಡ್ಡ ಎಲ್ ಕೊಟ್ಟು ಲಿಂಕರ್‌ಗೆ ದಾರಿ ತೋರಿಸಿದಿರಿ. ಅದು ಸರಿಯೇ. ಆದರೆ ಆ ಆಯ್ಕೆ ಲಿಂಕರ್‌ಗೆ ಮಾತ್ರ, ಲೋಡರ್ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಲೋಡರ್ ನೋಡುವುದು ಒಂದು ಕ್ಯಾಶ್ ಫೈಲನ್ನು, ಅಂದರೆ ಯಾವ ಲೈಬ್ರರಿ ಎಲ್ಲಿದೆ ಅನ್ನುವ ಸಿದ್ಧ ಪಟ್ಟಿಯನ್ನು. ಹೊಸ ಲೈಬ್ರರಿ ಬಂದ ಮೇಲೆ ಆ ಕ್ಯಾಶ್ ಹೊಸದು ಮಾಡುವ ಕೆಲಸ ಎಲ್‌ಡಿಕಾನ್ಫಿಗ್ ಆಜ್ಞೆಯದು. ಡೆಬಿಯನ್‌ನಲ್ಲಿ ಯುಎಸ್‌ಆರ್ ಲೋಕಲ್ ಲಿಬ್ ಅದರ ಪಟ್ಟಿಯಲ್ಲಿ ಮೊದಲೇ ಇರುತ್ತದೆ. ಸುಡೋ ಹಾಕಿ ಎಲ್‌ಡಿಕಾನ್ಫಿಗ್ ಒಂದು ಸಲ ಓಡಿಸಿದ್ದರೆ ಎರಡನೇ ಎರರ್ ಅಲ್ಲಿಗೇ ಮುಗಿಯುತ್ತಿತ್ತು.

ಈಗ ಓಡಿಸಿ. ಆಮೇಲೆ ನಿಮ್ಮ ಪ್ರೋಗ್ರಾಂ ಮೇಲೆ ಯಾವ ಲೈಬ್ರರಿ ಎಲ್ಲಿಂದ ಬರುತ್ತದೆ ಅಂತ ತೋರಿಸುವ ಎಲ್‌ಡಿಡಿ ಆಜ್ಞೆ ಹಾಕಿ, ಎಕ್ಸಿವ್ ಅಂತ ಇರುವ ಸಾಲು ಇಲ್ಲಿ ಹೇಳಿ.

ಹಳೇಆಲ್ಬಮ್

ಬಂತು! 'ಲಿಬ್‌ಎಕ್ಸಿವ್2 ಡಾಟ್ ಎಸ್‌ಒ ಡಾಟ್ 28', ಬಾಣದ ಗುರುತು, ಆಮೇಲೆ ಯುಎಸ್‌ಆರ್ ಲೋಕಲ್ ಲಿಬ್‌ನ ದಾರಿ. ಪ್ರೋಗ್ರಾಂ ಎದ್ದಿತು. ಹತ್ತೂ ಫೈಲ್ ಓದಿ ಸ್ಕ್ಯಾನರ್ ಹೆಸರು, ದಿನಾಂಕ ಎಲ್ಲ ತೋರಿಸಿತು. ಮೂರು ದಿನದ ಗಂಟು ಒಂದು ಆಜ್ಞೆಯಲ್ಲಿ ಬಿಚ್ಚಿತು. ತುಂಬಾ ಥ್ಯಾಂಕ್ಸ್ ಸರ್.

ಒಂದು ಅನುಮಾನ. ನನ್ನ ಫೋಟೋ ನೋಡುವ ಪ್ರೋಗ್ರಾಂ ಕೂಡ ಎಕ್ಸಿವ್2 ಬಳಸುತ್ತದೆ. ಅದು ಈಗ 28 ಹಿಡಿಯುತ್ತದಾ, 27 ಹಿಡಿಯುತ್ತದಾ?

ಪ್ಯಾಕೇಜ್‌ಪಾಲಕ

27ನ್ನೇ. ಅದು ಕಟ್ಟಿಕೊಂಡು ಬಂದಿರುವುದೇ 27ಕ್ಕೆ. ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರುತ್ತವೆ. ನಂಬರ್ ಬೇರೆ ಇಟ್ಟಿರುವುದು ಇದಕ್ಕೇ. ಡಿಜಿಕ್ಯಾಮ್, ಡಾರ್ಕ್‌ಟೇಬಲ್, ಗ್ವೆನ್‌ವ್ಯೂ ಎಲ್ಲವೂ ಎಕ್ಸಿವ್2 ಮೇಲೆ ನಿಂತಿವೆ. ಗಿಂಪ್ ಕೂಡ ಜಿಎಕ್ಸಿವ್2 ಅನ್ನುವ ಹೊದಿಕೆಯ ಮೂಲಕ ಇದನ್ನೇ ಬಳಸುತ್ತದೆ. 27ನ್ನು ತೆಗೆದರೆ ಇವೆಲ್ಲ ಒಟ್ಟಿಗೆ ಬೀಳುತ್ತವೆ. ಅದಕ್ಕೆ ಕೈ ಹಾಕಬೇಡಿ.

ನನ್ನ ಸಲಹೆ ಕೇಳಿದರೆ, ಯುಎಸ್‌ಆರ್ ಲೋಕಲ್‌ಗೂ ಹಾಕಬೇಡಿ. ನಿಮ್ಮ ಹೋಮ್ ಫೋಲ್ಡರಿನಲ್ಲೇ ಒಂದು ಜಾಗ ಮಾಡಿ ಅಲ್ಲಿಗೆ ಇನ್‌ಸ್ಟಾಲ್ ಮಾಡಿ. ಸುಡೋ ಬೇಕಾಗಲ್ಲ. ಬೇಡ ಅಂದಾಗ ಆ ಒಂದು ಫೋಲ್ಡರ್ ಅಳಿಸಿದರೆ ಮುಗಿಯಿತು.

ಬೈಟೆಣಿಕೆ

ಬಿಲ್ಡ್ ಮಾಡುವಾಗ ಏನೇನು ಆಯ್ಕೆ ಕೊಟ್ಟಿದ್ದಿರಿ? ಎಕ್ಸ್‌ಎಂಪಿ (ಫೈಲಿನೊಳಗೆ ವಿವರ ಬರೆಯುವ ಒಂದು ರೀತಿ) ಚಾಲೂ ಇದೆಯಾ ನೋಡಿಕೊಳ್ಳಿ. ಕನ್ನಡ ಬರೆಯಬೇಕು ಅಂದರೆ ಅದೇ ಮುಖ್ಯ.

ಹಳೇಆಲ್ಬಮ್

ಆಯ್ಕೆ ಏನೂ ಕೊಟ್ಟಿಲ್ಲ, ಇದ್ದ ಹಾಗೇ ಬಿಲ್ಡ್ ಮಾಡಿದೆ. ಮೊದಲ ಸಲ ಎಕ್ಸ್‌ಪ್ಯಾಟ್ ಸಿಗಲಿಲ್ಲ ಅಂತ ನಿಂತಿತು. ಅದರ ಡೆವ್ ಪ್ಯಾಕೇಜ್ ಹಾಕಿದೆ. ಆಮೇಲೆ ಬ್ರೋಟ್ಲಿ ಇಲ್ಲ ಅಂದಿತು. ಆಮೇಲೆ ಐಎನ್‌ಐಎಚ್. ಒಂದೊಂದಾಗಿ ಹಾಕಿದ ಮೇಲೆ ಮುಂದೆ ಹೋಯಿತು. ಇವೆಲ್ಲ ಯಾಕೆ ಬೇಕು ಅಂತ ಮಾತ್ರ ನನಗೆ ಗೊತ್ತಿಲ್ಲ.

ಕಟ್ಟೋಣಬನ್ನಿ

ಗೊತ್ತಿದ್ದರೆ ಒಳ್ಳೇದು. ಯಾಕೆ ಅಂದರೆ ಕೆಲವರು ಎರರ್ ಬಂದ ಕೂಡಲೇ ಆ ಆಯ್ಕೆಯನ್ನೇ ಆಫ್ ಮಾಡಿ ಮುಂದೆ ಹೋಗುತ್ತಾರೆ. ಬಿಲ್ಡ್ ಆಗುತ್ತದೆ. ಬೇಕಾದ ಕೆಲಸವೇ ಲೈಬ್ರರಿಯಿಂದ ಹೊರಗೆ ಹೋಗಿರುತ್ತದೆ.

ಎಕ್ಸ್‌ಪ್ಯಾಟ್ ಎಕ್ಸ್‌ಎಂಎಲ್ ಓದಲು. ಎಕ್ಸ್‌ಎಂಪಿ ಅನ್ನುವುದು ಒಳಗೆ ಎಕ್ಸ್‌ಎಂಎಲ್ಲೇ, ಅಡೋಬಿಯವರು 2001ರಲ್ಲಿ ತಂದದ್ದು. ಎಕ್ಸ್‌ಪ್ಯಾಟ್ ತೆಗೆದರೆ ಎಕ್ಸ್‌ಎಂಪಿ ಹೋಯಿತು, ನಿಮ್ಮ ಅಜ್ಜಿಯ ಬರಹವೂ ಹೋಯಿತು. ಜೆಡ್‌ಲಿಬ್ ಪಿಎನ್‌ಜಿ ಫೈಲುಗಳಿಗೆ. ಬ್ರೋಟ್ಲಿ ಜೆಪೆಗ್ ಎಕ್ಸ್‌ಎಲ್ ಫೈಲುಗಳಲ್ಲಿ ಅದುಮಿಟ್ಟ ಮೆಟಾಡೇಟಾ ಬಿಚ್ಚಲು. ಐಎನ್‌ಐಎಚ್ ನಿಮ್ಮದೇ ಕಾನ್ಫಿಗ್ ಫೈಲ್ ಓದಲು. ಅದರಲ್ಲಿ ಹೆಸರು ಗೊತ್ತಿಲ್ಲದ ಲೆನ್ಸ್‌ಗೆ ನೀವೇ ಹೆಸರು ಬರೆದಿಡಬಹುದು. ಸ್ಕ್ಯಾನ್‌ಗಳಿಗೆ ಲೆನ್ಸ್ ಇಲ್ಲವಲ್ಲ, ನಿಮಗೆ ಬೇಕಿರಲಿಲ್ಲ. ಇದ್ದರೆ ನಷ್ಟವೂ ಇಲ್ಲ.

ಈಗ ಹೋಮ್ ಫೋಲ್ಡರಿಗೆ ಹೊಸದಾಗಿ ಕಟ್ಟುವ ರೀತಿ ಹೇಳುತ್ತೇನೆ. ಮೂಲ ಕೋಡಿನ ಫೋಲ್ಡರಿಗೆ ಹೋಗಿ. ಸಿಮೇಕ್ (ಬಿಲ್ಡ್ ಸಿದ್ಧ ಮಾಡುವ ಸಾಧನ) ಆಜ್ಞೆಗೆ ಡ್ಯಾಶ್ ದೊಡ್ಡ ಎಸ್ ಕೊಟ್ಟು ಒಂದು ಚುಕ್ಕೆ, ಡ್ಯಾಶ್ ದೊಡ್ಡ ಬಿ ಕೊಟ್ಟು ಬಿಲ್ಡ್ ಅಂತ ಹೆಸರು. ಡ್ಯಾಶ್ ದೊಡ್ಡ ಡಿ ಜೊತೆ ಎರಡು ವಿಷಯ ಹೇಳಿ: ಬಿಲ್ಡ್ ಟೈಪ್ ರಿಲೀಸ್ ಅಂತ ಒಂದು, ಇನ್‌ಸ್ಟಾಲ್ ಪ್ರಿಫಿಕ್ಸ್ ನಿಮ್ಮ ಹೋಮ್ ಒಳಗಿನ ಜಾಗ ಅಂತ ಇನ್ನೊಂದು. ಪ್ರಿಫಿಕ್ಸ್‌ಗೆ ಪೂರ್ತಿ ದಾರಿ ಬರೆಯಿರಿ. ಆಮೇಲೆ ಸಿಮೇಕ್‌ನ ಬಿಲ್ಡ್, ಅದು ಮುಗಿದ ಮೇಲೆ ಪರೀಕ್ಷೆಗಳನ್ನು ಓಡಿಸುವ ಸಿಟೆಸ್ಟ್, ಕೊನೆಗೆ ಸಿಮೇಕ್‌ನ ಇನ್‌ಸ್ಟಾಲ್.

ಹಳೇ ಬಿಲ್ಡ್ ಫೋಲ್ಡರ್ ಇಟ್ಟುಕೊಂಡು ಇದನ್ನು ಮಾಡಬೇಡಿ. ಸಿಮೇಕ್ ಒಂದು ಸಲ ಕಂಡುಹಿಡಿದ ದಾರಿಯನ್ನು ತನ್ನ ಕ್ಯಾಶ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನೀವು ಆಚೆ ಏನು ಬದಲಾಯಿಸಿದರೂ ಅದು ಹಳೇ ದಾರಿಯನ್ನೇ ಹಿಡಿದಿರುತ್ತದೆ. ಸಿಮೇಕ್ 3.24ರಿಂದ 'ಫ್ರೆಶ್' ಅನ್ನುವ ಆಯ್ಕೆ ಇದೆ, ಅದು ಕ್ಯಾಶ್ ಬಿಟ್ಟು ಮೊದಲಿನಿಂದ ಶುರು ಮಾಡುತ್ತದೆ. ನಾನಂತೂ ಬಿಲ್ಡ್ ಫೋಲ್ಡರನ್ನೇ ಅಳಿಸಿಬಿಡುತ್ತೇನೆ.

ಆದರೆ ಅಳಿಸುವ ಮೊದಲು ಅದರೊಳಗಿನ ಇನ್‌ಸ್ಟಾಲ್ ಮ್ಯಾನಿಫೆಸ್ಟ್ ಫೈಲನ್ನು ಎತ್ತಿಟ್ಟುಕೊಳ್ಳಿ. ಹೋದ ಸಲ ಯುಎಸ್‌ಆರ್ ಲೋಕಲ್‌ನಲ್ಲಿ ಯಾವ ಯಾವ ಫೈಲ್ ಇಟ್ಟಿತು ಅನ್ನುವ ಪೂರ್ತಿ ಪಟ್ಟಿ ಅದರಲ್ಲಿದೆ. ಅದನ್ನು ನೋಡಿ ಒಂದೊಂದೂ ತೆಗೆಯಿರಿ, ಮತ್ತೆ ಎಲ್‌ಡಿಕಾನ್ಫಿಗ್ ಓಡಿಸಿ. ಹಳೇ ಹೆಡರ್ ಒಂದೇ ಒಂದು ಉಳಿದರೂ ಕಂಪೈಲರ್ ಮತ್ತೆ ಅದಕ್ಕೇ ಹೋಗುತ್ತದೆ.

ಹಳೇಆಲ್ಬಮ್

ಇವತ್ತು ರಾತ್ರಿ ಮಾಡುತ್ತೇನೆ. ಮ್ಯಾನಿಫೆಸ್ಟ್ ವಿಷಯ ಹೇಳಿದ್ದು ಬಹಳ ಒಳ್ಳೇದಾಯಿತು. ಬಿಲ್ಡ್ ಫೋಲ್ಡರ್ ಅಳಿಸುವುದರಲ್ಲಿದ್ದೆ.

ಕಿಟಕಿಪಕ್ಕ

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನಾನು ವಿಂಡೋಸ್‌ನಲ್ಲಿ ವಿಷುವಲ್ ಸ್ಟುಡಿಯೋ ಇಟ್ಟು ಇದನ್ನೇ ಕಟ್ಟಿದೆ. ಬಿಲ್ಡ್ ಟೈಪ್ ರಿಲೀಸ್ ಅಂತಲೇ ಕೊಟ್ಟಿದ್ದೆ. ಆದರೂ ಡಿಬಗ್ ಬಿಲ್ಡ್ ಬಂತು. ನನ್ನ ಪ್ರೋಗ್ರಾಂ ರಿಲೀಸ್. ಫೈಲಿನ ಹೆಸರು ಕಳಿಸಿದ ಕೂಡಲೇ ಕ್ರ್ಯಾಶ್.

ಕಟ್ಟೋಣಬನ್ನಿ

ವಿಷುವಲ್ ಸ್ಟುಡಿಯೋಗೆ ಸಿಮೇಕ್ ಎಲ್ಲ ಬಗೆಯನ್ನೂ ಒಂದೇ ಪ್ರಾಜೆಕ್ಟಿನಲ್ಲಿ ತಯಾರು ಮಾಡುತ್ತದೆ. ಅಲ್ಲಿ ಬಿಲ್ಡ್ ಟೈಪ್ ಆಯ್ಕೆಗೆ ಬೆಲೆ ಇಲ್ಲ. ಬಿಲ್ಡ್ ಮಾಡುವ ಆಜ್ಞೆಯಲ್ಲೇ 'ಕಾನ್ಫಿಗ್ ರಿಲೀಸ್' ಅನ್ನಬೇಕು. ಇನ್‌ಸ್ಟಾಲ್ ಮಾಡುವಾಗಲೂ ಅನ್ನಬೇಕು.

ಡಿಬಗ್ ಲೈಬ್ರರಿ, ರಿಲೀಸ್ ಪ್ರೋಗ್ರಾಂ ಎರಡನ್ನೂ ಸೇರಿಸಿದರೆ ಒಂದರ ಸ್ಟ್ರಿಂಗ್ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ, ಒಳಗಿನ ಅಳತೆಯೇ ಬೇರೆ. ಫೈಲಿನ ಹೆಸರು ಸ್ಟ್ರಿಂಗ್ ಅಲ್ವಾ, ಅಲ್ಲೇ ಬಿತ್ತು. ರಿಲೀಸ್ ಕಟ್ಟಿ, ಡಿಎಲ್‌ಎಲ್ ಅನ್ನು ಪ್ರೋಗ್ರಾಂ ಪಕ್ಕದಲ್ಲೇ ಇಡಿ.

ಕಿಟಕಿಪಕ್ಕ

ಆಯಿತು, ಓಡುತ್ತಿದೆ! ಕನ್ನಡ ಹೆಸರಿನ ಫೈಲ್ ಮಾತ್ರ ತೆರೆಯುತ್ತಿಲ್ಲ.

ಬೈಟೆಣಿಕೆ

ವಿಂಡೋಸ್ 10ರ 1903ರಿಂದ ಪ್ರೋಗ್ರಾಮಿನ ಮ್ಯಾನಿಫೆಸ್ಟ್‌ನಲ್ಲಿ (ಇದು ಬೇರೆ, ಪ್ರೋಗ್ರಾಂ ತನ್ನ ಬಗ್ಗೆ ವಿಂಡೋಸ್‌ಗೆ ಹೇಳುವ ವಿವರ) 'ನನ್ನ ಕೋಡ್‌ಪೇಜ್ ಯುಟಿಎಫ್-8', ಅಂದರೆ ಅಕ್ಷರಗಳನ್ನು ಯೂನಿಕೋಡಿನ ಬೈಟುಗಳಾಗಿ ಬರೆಯುವ ರೀತಿ, ಅಂತ ಹೇಳಿಕೊಳ್ಳಬಹುದು. ಅದನ್ನು ಹಾಕಿ ನೋಡಿ. ಇನ್ನೊಂದು ದಾರಿ, ಫೈಲನ್ನು ನೀವೇ ಓದಿ ಮೆಮೊರಿಗೆ ತಂದುಕೊಳ್ಳಿ. ಇಮೇಜ್ ಫ್ಯಾಕ್ಟರಿಯ ಓಪನ್‌ಗೆ ಬೈಟುಗಳನ್ನೂ ಉದ್ದವನ್ನೂ ಕೊಟ್ಟರೆ ಹೆಸರಿನ ತಕರಾರೇ ಇರಲ್ಲ. ಬರೆದಾದ ಮೇಲೆ ಬೈಟುಗಳನ್ನು ಫೈಲಿಗೆ ಹಾಕುವುದು ನಿಮ್ಮ ಕೆಲಸ.

ಹಳೇಆಲ್ಬಮ್

ಹೋಮ್ ಫೋಲ್ಡರಿನಲ್ಲಿ ಕಟ್ಟಿದೆ. ಸಿಟೆಸ್ಟ್ ಪಾಸಾಯಿತು. ನನ್ನ ಪ್ರೋಗ್ರಾಮಿಗೂ ಸಿಮೇಕ್ ಫೈಲ್ ಬರೆದೆ. ಪ್ರಿಫಿಕ್ಸ್ ಪಾತ್ ಕೊಟ್ಟರೆ ಲೈಬ್ರರಿಯನ್ನು ಅದೇ ಹುಡುಕಿಕೊಂಡಿತು. ಎಲ್‌ಡಿಕಾನ್ಫಿಗ್ ಬೇಕಾಗಲೇ ಇಲ್ಲ.

ಆದರೆ ಈಗ ಇನ್ನೊಂದು. ಮೊದಲ ಫೋಟೋಗೆ ಬರಹ ಸೇರಿಸಿದೆ. ಕ್ಯಾಮೆರಾಗಳು ವಿವರ ಬರೆಯುವ ಎಕ್ಸಿಫ್‌ನ ಇಮೇಜ್ ಡಿಸ್ಕ್ರಿಪ್ಷನ್ ಅನ್ನುವ ಜಾಗಕ್ಕೆ ಹಾಕಿದ್ದೆ. ಟರ್ಮಿನಲ್‌ನಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ. ಬೇರೆ ಯಂತ್ರದಲ್ಲಿ ಬೇರೆ ಪ್ರೋಗ್ರಾಂ ಇಟ್ಟು ನೋಡಿದರೆ ಬರೀ ಕಸ. ಪ್ರತಿ ಅಕ್ಷರಕ್ಕೂ ತಲೆ ಮೇಲೆ ಓರೆ ಗೆರೆ ಇರುವ ಒಂದು ಇಂಗ್ಲಿಷ್ 'ಎ', ಅದರ ಪಕ್ಕ ಮೇಲಕ್ಕೆ ಏರಿಸಿ ಬರೆದ ಚಿಕ್ಕ 2, ಕೆಲವು ಕಡೆ ಚಿಕ್ಕ 3. ನನ್ನ ಬಿಲ್ಡೇ ತಪ್ಪಾಗಿದೆಯಾ?

ಬೈಟೆಣಿಕೆ

ಬಿಲ್ಡ್ ಸರಿಯಾಗಿದೆ. ಬರಹವೂ ಸರಿಯಾಗಿದೆ. ಇಟ್ಟ ಜಾಗ ತಪ್ಪು.

ನೀವು ನೋಡಿದ ಆ ಗುರುತುಗಳೇ ಸಾಕ್ಷಿ. ಕನ್ನಡದ ಒಂದೊಂದು ಯೂನಿಕೋಡ್ ಅಕ್ಷರಕ್ಕೂ ಯುಟಿಎಫ್-8ರಲ್ಲಿ 3 ಬೈಟ್. 'ಕ' ತೆಗೆದುಕೊಳ್ಳಿ: ಇ0, ಬಿ2, 95. ಇದನ್ನು ಹಳೇ ಲ್ಯಾಟಿನ್ ಪಟ್ಟಿಯಲ್ಲಿ ಓದಿದರೆ ಇ0 ಅಂದರೆ ಗೆರೆ ಇರುವ 'ಎ', ಬಿ2 ಅಂದರೆ ಏರಿಸಿ ಬರೆದ 2. ಅಕ್ಷರಗಳು, ಆ ಕಾರ, ಗುಡಿಸು ಎಲ್ಲ ಬಿ2 ಕಡೆ ಬೀಳುತ್ತವೆ. ಕೊಂಬು, ಏತ್ವ, ಕೊನೆಯ ಅರ್ಧಾಕ್ಷರದ ಗುರುತು ಬಿ3 ಕಡೆ. ನಿಮಗೆ ಕಂಡ 3 ಅದೇ. ಒಂದು ಬೈಟೂ ಕಳೆದಿಲ್ಲ. ಓದಿದ ಪ್ರೋಗ್ರಾಮಿಗೆ ಇದು ಯುಟಿಎಫ್-8 ಅಂತ ಯಾರೂ ಹೇಳಿಲ್ಲ, ಅಷ್ಟೇ.

ಎಕ್ಸಿಫ್ ಹುಟ್ಟಿದ್ದು 1995ರಲ್ಲಿ, ಜಪಾನಿನ ಕ್ಯಾಮೆರಾ ಉದ್ಯಮದಿಂದ. ಆ ಇಮೇಜ್ ಡಿಸ್ಕ್ರಿಪ್ಷನ್ ಅನ್ನುವ ಜಾಗ ನಿಯಮದ ಪ್ರಕಾರ ಆಸ್ಕಿ, ಅಂದರೆ ಬರೀ ಇಂಗ್ಲಿಷ್ ಅಕ್ಷರ. 2023ರಲ್ಲಿ ಬಂದ ಎಕ್ಸಿಫ್ 3.0ರಲ್ಲಿ ಯುಟಿಎಫ್-8ಗೆ ಅಂತಲೇ ಹೊಸ ಬಗೆ ಸೇರಿಸಿದ್ದಾರೆ. ಅದಕ್ಕಿಂತ ಮುಂಚೆ ಬರೆದ ಪ್ರೋಗ್ರಾಂಗಳಿಗೆ ಅದು ಹೇಗೆ ಗೊತ್ತಿರಬೇಕು?

ನೀವು ಬರೆಯಬೇಕಾದದ್ದು ಎಕ್ಸ್‌ಎಂಪಿಗೆ. ಅದರಲ್ಲಿ ಡಬ್ಲಿನ್ ಕೋರ್‌ನ ಡಿಸ್ಕ್ರಿಪ್ಷನ್ ಅಂತ ಇದೆ, ಎಕ್ಸಿವ್2ನಲ್ಲಿ 'ಎಕ್ಸ್‌ಎಂಪಿ ಡಾಟ್ ಡಿಸಿ ಡಾಟ್ ಡಿಸ್ಕ್ರಿಪ್ಷನ್'. ಎಕ್ಸಿವ್2 ಅದನ್ನು ಯುಟಿಎಫ್-8ರಲ್ಲೇ ಬರೆಯುತ್ತದೆ. ಒಂದೇ ಬರಹವನ್ನು ಬೇರೆ ಬೇರೆ ಭಾಷೆಯಲ್ಲೂ ಇಡಬಹುದು. ಕನ್ನಡಕ್ಕೆ ಭಾಷೆಯ ಗುರುತು 'ಕೆಎನ್'. 'ಎಕ್ಸ್ ಡಿಫಾಲ್ಟ್' ಅಂತ ಇನ್ನೊಂದು ಇದೆ. ಎರಡಕ್ಕೂ ಅದೇ ಕನ್ನಡ ಬರಹ ಹಾಕಿ. ಬಹಳ ಪ್ರೋಗ್ರಾಂಗಳು ಡಿಫಾಲ್ಟ್ ಮಾತ್ರ ನೋಡುತ್ತವೆ.

ನೆರಳುಬೆಳಕು

ಐಪಿಟಿಸಿಯಲ್ಲೂ ಹಾಕಬಾರದಾ? ಹಳೇ ಫೋಟೋ ಪ್ರೋಗ್ರಾಂಗಳು ಅದನ್ನೇ ಓದುತ್ತವೆ.

ಬೈಟೆಣಿಕೆ

ಹಾಕಬಹುದು, ಆದರೆ ಅಲ್ಲಿ ಜಾಗ ಕಡಿಮೆ. ಹಳೇ ಐಪಿಟಿಸಿ ಸುದ್ದಿ ಸಂಸ್ಥೆಗಳು ತಂತಿಯ ಮೇಲೆ ಕಳಿಸುವುದಕ್ಕೆ ಮಾಡಿಕೊಂಡದ್ದು. ಎಲ್ಲಕ್ಕೂ ಬೈಟಿನ ಮಿತಿ ಇದೆ. ಫೋಟೋ ತೆಗೆದವರ ಹೆಸರಿಗೆ 32 ಬೈಟ್. ಊರಿಗೂ 32. ಒಂದು ಕೀವರ್ಡಿಗೆ 64. ವಿವರಣೆಗೆ 2000.

ಇಂಗ್ಲಿಷಿನವರಿಗೆ 32 ಅಂದರೆ 32 ಅಕ್ಷರ. ನಮಗೆ 10. ಅದೂ ಒತ್ತಕ್ಷರ, ಕಾಗುಣಿತದ ಗುರುತು ಎಲ್ಲ ಬೇರೆ ಬೇರೆ ಎಣಿಸಿ 10. 'ಸ್ತ್ರೀ' ಅನ್ನುವ ಒಂದೇ ಅಕ್ಷರಕ್ಕೆ 18 ಬೈಟ್ ಬೇಕು. ಅದರ ಪಕ್ಕ ಇನ್ನೊಂದು ಅಂಥದ್ದು ಬಂದರೆ 32 ದಾಟಿಹೋಯಿತು. ಕೆಲವು ಪ್ರೋಗ್ರಾಂಗಳು ಮಿತಿ ಬಂದಲ್ಲಿ ಕತ್ತರಿಸುತ್ತವೆ. 32 ಮೂರರಿಂದ ಭಾಗ ಆಗಲ್ಲ ನೋಡಿ, ಕೊನೆಯ ಅಕ್ಷರ ನಡುವೆಯೇ ತುಂಡಾಗುತ್ತದೆ. ನಮ್ಮ ಲಿಪಿಯ ಹೆಸರುಗಳು ಹಾಗೆ ಮುರಿದು ಬಿದ್ದದ್ದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಐಪಿಟಿಸಿಯ ಕ್ಯಾರೆಕ್ಟರ್ ಸೆಟ್ ಜಾಗದಲ್ಲಿ ಯುಟಿಎಫ್-8 ಅಂತ ಗುರುತು ಹಾಕುವುದನ್ನು ಮರೆತರೆ ಅದೂ ಕಸವಾಗಿ ಕಾಣುತ್ತದೆ.

ಎಕ್ಸ್‌ಎಂಪಿಯಲ್ಲಿ ಈ ಕಷ್ಟ ಇಲ್ಲ. ಜೆಪೆಗ್‌ನ ಒಂದು ಸೆಗ್ಮೆಂಟಿಗೆ ಸುಮಾರು 64 ಕೆಬಿ ಮಿತಿ ಇದೆ, ಅಷ್ಟು ಉದ್ದದ ಬರಹ ಫೋಟೋ ಹಿಂದೆ ಇರಲಿಕ್ಕಿಲ್ಲ.

ಹಳೇಆಲ್ಬಮ್

ಓದುತ್ತಾ ಓದುತ್ತಾ ಒಂದು ಹೆಸರು ಎಣಿಸಿ ನೋಡಿದೆ. ಅಜ್ಜಿ ಬರೆದ ಪೂರ್ತಿ ಹೆಸರಿಗೆ 57 ಬೈಟ್. 32ರಲ್ಲಿ ಅರ್ಧ ಹೆಸರೇ ಹೋಗುತ್ತಿತ್ತು. ಎಕ್ಸ್‌ಎಂಪಿಯೇ ಸರಿ.

ನೆರಳುಬೆಳಕು

ಇನ್ನೊಂದು ಸಲಹೆ. ಪರೀಕ್ಷೆ ಮಾಡುವಾಗ ಎಕ್ಸಿವ್2ನಿಂದಲೇ ಬರೆದು ಎಕ್ಸಿವ್2ನಿಂದಲೇ ಓದಬೇಡಿ. ಫಿಲ್ ಹಾರ್ವೆಯವರ ಎಕ್ಸಿಫ್‌ಟೂಲ್ ಇದೆಯಲ್ಲ, ಅದರಲ್ಲಿ ಓದಿ. ಅದು ಪರ್ಲ್‌ನಲ್ಲಿ ಬೇರೆಯಾಗಿಯೇ ಬರೆದದ್ದು, 2003ರಿಂದ ಬೆಳೆದುಕೊಂಡು ಬಂದಿದೆ. ಇವರಿಬ್ಬರ ಓದು ಒಂದೇ ಬಂದರೆ ಫೈಲ್ ಸರಿಯಾಗಿದೆ ಅಂತ ಧೈರ್ಯ.

ಕಿಟಕಿಪಕ್ಕ

ಹಾಗಾದರೆ ಮೊದಲಿಂದಲೂ ಎಕ್ಸಿಫ್‌ಟೂಲ್‌ನಲ್ಲೇ ಮಾಡಬಹುದಿತ್ತಲ್ಲ? ಬಿಲ್ಡ್ ಮಾಡುವ ತೊಂದರೆಯೇ ಇರುತ್ತಿರಲಿಲ್ಲ.

ಹಳೇಆಲ್ಬಮ್

ಯೋಚನೆ ಮಾಡಿದ್ದೆ. ಒಂದು ಸಲ ಬರೆದು ಮುಗಿಸುವುದಾದರೆ ಅದು ಸಾಕಿತ್ತು. ನನ್ನ ಪ್ರೋಗ್ರಾಂ ಫೋಟೋ ತೋರಿಸುತ್ತದೆ, ಪಕ್ಕದಲ್ಲಿ ಹಿಂಬದಿಯ ಸ್ಕ್ಯಾನ್ ತೋರಿಸುತ್ತದೆ, ಅಮ್ಮ ನೋಡಿಕೊಂಡು ಟೈಪ್ ಮಾಡುತ್ತಾರೆ. ಅಜ್ಜಿಯ ಕೈಬರಹ ಓದಲು ಬರುವುದು ಅಮ್ಮನಿಗೆ ಮಾತ್ರ. ಅವರು ಎಂಟರ್ ಒತ್ತಿದ ಕೂಡಲೇ ಫೈಲಿಗೆ ಸೇರಬೇಕು, ಮುಂದಿನ ಫೋಟೋ ಬರಬೇಕು. ಅದಕ್ಕೆ ಲೈಬ್ರರಿ ಪ್ರೋಗ್ರಾಮಿನ ಒಳಗೇ ಇರಬೇಕು ಅನ್ನಿಸಿತು.

ಬೈಟೆಣಿಕೆ

ಅಮ್ಮ ಟೈಪ್ ಮಾಡುತ್ತಾರೆ ಅಂದರೆ ಒಂದು ವಿಷಯ ನೋಡಿಕೊಳ್ಳಿ. 'ಓ' ಕಾರದ ಗುರುತನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹುಡುಕುವಾಗ ಬೇರೆ ಬೇರೆ. ಎಕ್ಸಿವ್2 ಕೊಟ್ಟ ಬೈಟುಗಳನ್ನು ಹಾಗೇ ಇಡುತ್ತದೆ, ತಿದ್ದುವುದಿಲ್ಲ. ಬರೆಯುವ ಮೊದಲು ನೀವೇ ಎನ್‌ಎಫ್‌ಸಿ, ಅಂದರೆ ತುಂಡುಗಳನ್ನು ಒಂದೇ ಸಂಕೇತವಾಗಿ ಸೇರಿಸಿದ ರೂಪಕ್ಕೆ ತನ್ನಿ. ಇಲ್ಲದಿದ್ದರೆ ಮುಂದೊಂದು ದಿನ 'ಸರೋಜ' ಅಂತ ಹುಡುಕಿದಾಗ ಅರ್ಧ ಸರೋಜರು ಸಿಗುವುದಿಲ್ಲ.

ಕಟ್ಟೋಣಬನ್ನಿ

ಪರದೆಯ ಕೆಲಸ ಒಂದು ಥ್ರೆಡ್, ಬರೆಯುವ ಕೆಲಸ ಇನ್ನೊಂದು ಥ್ರೆಡ್ ಅಂತ, ಎರಡೂ ಒಟ್ಟಿಗೆ ಓಡುವ ಹಾಗೆ ಮಾಡಿದ್ದೀರಾ? ಮಾಡಿದ್ದರೆ ಎಕ್ಸ್‌ಎಂಪಿ ಪಾರ್ಸರ್‌ನ ಇನಿಶಿಯಲೈಸ್ ಫಂಕ್ಷನನ್ನು ಮುಖ್ಯ ಥ್ರೆಡ್ಡಿನಲ್ಲಿ, ಬೇರೆ ಥ್ರೆಡ್ ಹುಟ್ಟುವ ಮೊದಲೇ ಕರೆಯಿರಿ. ಮುಗಿಯುವಾಗ ಟರ್ಮಿನೇಟ್. ಅದು ಥ್ರೆಡ್ ಸೇಫ್ ಅಲ್ಲ, ಎರಡು ಥ್ರೆಡ್ ಒಟ್ಟಿಗೆ ಕರೆದರೆ ಕೆಡಬಹುದು. ಇದನ್ನು ಬಿಟ್ಟರೆ ನೂರು ಸಲ ಸರಿ ಬಂದು ನೂರಾ ಒಂದನೇ ಸಲ ಬೀಳುತ್ತದೆ, ಕಾರಣ ಸಿಗುವುದಿಲ್ಲ.

ಪ್ಯಾಕೇಜ್‌ಪಾಲಕ

ನನ್ನ ಕಡೆಯಿಂದ ಒಂದು ಮಾತು, ದಯವಿಟ್ಟು ಇದನ್ನು ಮನಸ್ಸಿಗೆ ಹಾಕಿಕೊಳ್ಳಿ. ಡೆಬಿಯನ್ ಕೊಟ್ಟ ಲೈಬ್ರರಿಯಲ್ಲಿ ಭದ್ರತೆಯ ತೂತು ಸಿಕ್ಕರೆ ಅವರು ಮುಚ್ಚಿ ಕಳಿಸುತ್ತಾರೆ, ನಿಮಗೆ ಅಪ್‌ಡೇಟ್ ಬರುತ್ತದೆ. ನೀವೇ ಕಟ್ಟಿಕೊಂಡದ್ದಕ್ಕೆ ಯಾರೂ ಕಳಿಸುವುದಿಲ್ಲ. ನೀವೇ ನೋಡಿಕೊಳ್ಳಬೇಕು.

ಇದು ಬರೀ ಹೆದರಿಸುವ ಮಾತಲ್ಲ. 2023ರಲ್ಲಿ 0.28.0 ಬಂದಾಗ ಹೊಸದಾಗಿ ಸೇರಿಸಿದ ಬ್ರೋಟ್ಲಿ ಕೋಡಿನಲ್ಲೇ ಮೆಮೊರಿಯ ಗಡಿ ದಾಟಿ ಬರೆಯುವ ದೋಷ ಇತ್ತು. 0.28.1ರಲ್ಲಿ ಸರಿ ಮಾಡಿದರು. ಆಮೇಲೆ 0.28.4ರ ತನಕ ಇನ್ನೊಂದು ಇತ್ತು, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವಂಥದ್ದು. 2025ರ 0.28.5ರಲ್ಲಿ ಸರಿಯಾಯಿತು. ನೀವು ಕಟ್ಟಿದ್ದು 0.28.5 ಆದದ್ದು ಒಳ್ಳೇದಾಯಿತು. ಹೊಸ ಬಿಡುಗಡೆ ಬಂದಾಗ ಮತ್ತೆ ಕಟ್ಟಿ. ಬೇರೆಯವರು ಕಳಿಸಿದ ಫೋಟೋ ತೆರೆಯುವವರು ಇದನ್ನು ಇನ್ನೂ ಜಾಸ್ತಿ ನೋಡಬೇಕು.

ಹಳೇಆಲ್ಬಮ್

ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. ಅಮ್ಮ ದಿನಕ್ಕೆ ನಲವತ್ತು ಐವತ್ತು ಫೋಟೋ ಮಾಡುತ್ತಿದ್ದಾರೆ. ಎಕ್ಸಿಫ್‌ಟೂಲ್‌ನಲ್ಲೂ ಅದೇ ಬರಹ ಬರುತ್ತಿದೆ. ಬೇರೆ ಯಂತ್ರದಲ್ಲೂ ನೋಡಿದೆ, ಅದೇ ಫೋಟೋ, ಆ ಗೆರೆ ಇರುವ 'ಎ' ಇದ್ದ ಜಾಗದಲ್ಲಿ ಈಗ 'ಸರೋಜ, ಪದ್ಮ, ಬಾವಿಯ ಹತ್ತಿರ' ಅಂತ ಇದೆ.

ಎಕ್ಸಿವ್2 ಆಜ್ಞೆಗೆ ವರ್ಬೋಸ್, ವರ್ಷನ್ ಎರಡೂ ಒಟ್ಟಿಗೆ ಕೊಟ್ಟರೆ ಉದ್ದ ಪಟ್ಟಿ ಕೊಡುತ್ತದೆ ಅಂತ ನಿನ್ನೆ ಗೊತ್ತಾಯಿತು. ಯಾವ ಆಯ್ಕೆ ಚಾಲೂ ಇದೆ, ಯಾವ ಫೋಲ್ಡರಿನಿಂದ ಯಾವ ಲೈಬ್ರರಿ ಲೋಡ್ ಆಗಿದೆ, ಎಲ್ಲ ಅದರಲ್ಲಿದೆ. ಮೊದಲ ದಿನವೇ ಇದನ್ನು ನೋಡಿದ್ದರೆ ಎಷ್ಟು ಸಲೀಸಾಗಿತ್ತು! ಯಾರಾದರೂ ಇದೇ ತೊಂದರೆ ಇಟ್ಟುಕೊಂಡು ಈ ಚರ್ಚೆಗೆ ಬಂದರೆ ಮೊದಲು ಅದನ್ನು ಓಡಿಸಿ.

ಉಳಿದಿರುವುದು ಒಂದೇ. ಕೆಲವು ದೊಡ್ಡ ಫೋಟೋಗಳು ಸ್ಕ್ಯಾನರಿಗೆ ಹಿಡಿಸಲಿಲ್ಲ, ಫೋನಿನಲ್ಲಿ ತೆಗೆದೆ. ಅವು ಎಚ್‌ಇಐಸಿ ಬಗೆಯ ಫೋಟೋ ಫೈಲುಗಳು. ನನ್ನ ಪ್ರೋಗ್ರಾಂ ಅವನ್ನು ಓದುತ್ತದೆ, ಬರೆಯಲು ಹೋದರೆ ಎರರ್ ಕೊಡುತ್ತದೆ. ಆ ಪಟ್ಟಿಯಲ್ಲಿ ಇಂಥ ಫೈಲುಗಳ ಆಯ್ಕೆಯಾದ ಬಿಎಂಎಫ್‌ಎಫ್ ಮುಂದೆ 1, ಅಂದರೆ ಚಾಲೂ, ಅಂತಲೇ ಇದೆ.

ಕಟ್ಟೋಣಬನ್ನಿ

ಅದು ನಿಮ್ಮ ತಪ್ಪಲ್ಲ. ಎಚ್‌ಇಐಸಿ, ಎವಿಐಎಫ್, ಸಿಆರ್3, ಜೆಪೆಗ್ ಎಕ್ಸ್‌ಎಲ್ ಇವನ್ನೆಲ್ಲ ಎಕ್ಸಿವ್2 ಬಿಎಂಎಫ್‌ಎಫ್ ಹೆಸರಿನಲ್ಲಿ ಓದುತ್ತದೆ, ಬರೆಯುವುದಿಲ್ಲ. 0.28ರಲ್ಲಿ ಅಷ್ಟೇ ಇರುವುದು. ಪಕ್ಕದಲ್ಲಿ ಒಂದು ಎಕ್ಸ್‌ಎಂಪಿ ಫೈಲ್ ಇಟ್ಟು ಅದರಲ್ಲಿ ಬರೆಯಿರಿ.

ನೆರಳುಬೆಳಕು

ಹೆಸರಿಡುವಾಗ ಜೋಪಾನ. ಎಕ್ಸಿವ್2 ತಾನೇ ಮಾಡುವ ಸೈಡ್‌ಕಾರ್‌ನಲ್ಲಿ (ಆ ಪಕ್ಕದ ಫೈಲಿನಲ್ಲಿ) ಎಚ್‌ಇಐಸಿ ಅನ್ನುವ ಬಾಲ ಹೋಗಿ ಎಕ್ಸ್‌ಎಂಪಿ ಬರುತ್ತದೆ. ಡಾರ್ಕ್‌ಟೇಬಲ್ ಎರಡೂ ಬಾಲ ಇಟ್ಟುಕೊಳ್ಳುತ್ತದೆ, ಮೊದಲು ಎಚ್‌ಇಐಸಿ, ಆಮೇಲೆ ಎಕ್ಸ್‌ಎಂಪಿ. ಒಂದೇ ಹೆಸರಿನ ಜೆಪೆಗ್ಗೂ ಎಚ್‌ಇಐಸಿಯೂ ಒಂದೇ ಫೋಲ್ಡರಿನಲ್ಲಿದ್ದರೆ ಮೊದಲ ರೀತಿಯಲ್ಲಿ ಒಂದರ ಬರಹ ಇನ್ನೊಂದರ ಮೇಲೆ ಬೀಳುತ್ತದೆ.

ಹಳೇಆಲ್ಬಮ್

ಎರಡೂ ಬಾಲ ಇಡುತ್ತೇನೆ. ಅಂಥವು 23 ಇವೆ. ಅಮ್ಮ ಮೊದಲನೆಯದನ್ನು ಆಗಲೇ ಓದುತ್ತಾ ಕೂತಿದ್ದಾರೆ, ಒಂದು ಹೆಸರಿನ ಹತ್ತಿರ ಪೆನ್ಸಿಲ್ ಮಾಸಿಹೋಗಿದೆ.